ಹೊಳೆಯಿಂದ ಕಂಡ ಊರು

“ಬ್ಯಾರೆ ಯಾರನ್ನೂ ಹತ್ತಿಸಬ್ಯಾಡ್ರಿ. ಇಡೀ ದೋಣಿ ನನಗೊಬ್ಬಾಕಿಗೇ ಬೇಕು,” ಎಂದಳು ಆ ಹೆಂಗಸು.

ಗಾಳೆಪ್ಪ ಹಗ್ಗ ಬಿಚ್ಚುತ್ತಿದ್ದವನು ಹಾಗೇ ನಿಂತ. ಮೂವತ್ತು ವರ್ಷ ಘಟಪ್ರಭೆಯಲ್ಲಿ ದೋಣಿ ನಡೆಸಿದವನು ಅವನು. ಒಂಟಿ ಹೆಂಗಸು ಇಡೀ ದೋಣಿ ಕೇಳಿದರೆ ಅವನಿಗೆ ಹೊಳೆಯುವುದು ಒಂದೇ: ನಡುಹೊಳೆಯಲ್ಲಿ ಹಾರಿಕೊಳ್ಳಲು ಬಂದಿದ್ದಾಳೆ.

“ಆಚಿ ದಂಡಿಗೇನ್ರಿ?”

“ಯಾವ ದಂಡಿಗೂ ಅಲ್ಲ. ಹೊಳ್ಯಾಗಿಂದ ಬಾಗಲಕೋಟಿ ನೋಡಬೇಕು. ನಾಳೆ ಇದೆಲ್ಲಾ ಮುಳುಗಡಿ ಆಗತೈತಂತಲ್ಲ.”

ಅದೇನೋ ಖರೆ. ಅದು ಎಂಬತ್ತಮೂರನೆಯ ಇಸವಿ. ಅಣೆಕಟ್ಟಿನ ಅಳತೆಯವರು ಬಂದು ಹೊಳೆದಂಡೆಯ ಗೋಡೆಗಳಿಗೆಲ್ಲ ಕೆಂಪು ಗುರುತು ಹಾಕಿ ಹೋಗಿದ್ದರು. ಊರನ್ನೊಮ್ಮೆ ಕಣ್ತುಂಬ ನೋಡಲು ಜನ ಬರುತ್ತಿದ್ದರು. ಆದರೆ ಬರುತ್ತಿದ್ದುದು ಗುಂಪಾಗಿ, ಬುತ್ತಿ ಕಟ್ಟಿಕೊಂಡು.

ಇವಳಿಗೆ ಇಪ್ಪತ್ತೇಳೋ ಇಪ್ಪತ್ತೆಂಟೋ ಇರಬೇಕು. ಬಿಳಿಯ ನೂಲಿನ ಸೀರೆ, ಕನ್ನಡಕ. ಮಾತು ಈ ಸೀಮೆಯದೇ. ನಡುನಡುವೆ ಮರಾಠಿಯ ಎಳೆತ. ಸೊಲ್ಲಾಪುರದ ದವಾಖಾನೆಯಲ್ಲಿ ನರ್ಸ್ ಎಂದಳು. ಹೆಸರು ಕೇಳಿದರೆ, “ಸಿಸ್ಟರ್ ಅನ್ರಿ. ಎಲ್ಲಾರೂ ಹಂಗ ಅಂತಾರ,” ಎಂದಳು.

ಗಾಳಿ ಹದವಾಗಿತ್ತು. ಗಾಳೆಪ್ಪ ಹಾಯಿ ಬಿಚ್ಚಿದ. ಕೈ ಚಾಚಿದರೆ ಅವಳು ಸಿಗುವಷ್ಟು ಹತ್ತಿರದಲ್ಲೇ ಕುಳಿತ.

ಕೋಟೆಯ ಹಳೆಯ ಬುರುಜು ದಾಟಿತು. ಈಶ್ವರ ಗುಡಿಯ ಮೆಟ್ಟಿಲು, ಬಟ್ಟೆ ಒಗೆಯುವವರ ಗದ್ದಲ, ದರ್ಗಾದ ಹಸಿರು ಬಾವುಟ. ಒಂದೊಂದಕ್ಕೂ ಗಾಳೆಪ್ಪನ ಹತ್ತಿರ ಒಂದೊಂದು ಕಥೆ ಇತ್ತು. ಆದರೆ ಅವಳ ಕಣ್ಣು ಊರಿನ ಮೇಲಿರಲಿಲ್ಲ, ನೀರಿನ ಮೇಲಿತ್ತು.

“ಮದಲಗಿತ್ತಿ ಮಡುವು ಯಾವದ್ರಿ?”

ಮಡುವಿಗೆ ಮದುಮಗಳ ಆ ಹೆಸರು ಇಟ್ಟದ್ದು ಊರವರು. ಗಾಳೆಪ್ಪ ಅದನ್ನು ಒಮ್ಮೆಯೂ ನುಡಿದವನಲ್ಲ.

ಹನ್ನೆರಡು ವರ್ಷದ ಹಿಂದೆ ಒಂದು ಮದುವೆಯ ದಿಬ್ಬಣ ಅವನ ದೋಣಿ ಹತ್ತಿತ್ತು. ಹೊಳೆ ಏರಿದ್ದ ಕಾಲ. ರೈಲಿನ ಸೇತುವೆಯ ಕೆಳಗೆ ಸುಳಿಗೆ ಸಿಕ್ಕು ದೋಣಿ ಮಗುಚಿತು. ಹನ್ನೊಂದು ಜನ ಬದುಕಿದರು. ಹದಿನೈದರ ಮದುಮಗಳೊಬ್ಬಳೇ ಸಿಗಲಿಲ್ಲ, ಹೆಣವೂ ಸಿಗಲಿಲ್ಲ. ಅವಳ ಮುಖವನ್ನು ಗಾಳೆಪ್ಪ ಸರಿಯಾಗಿ ಕಂಡೂ ಇರಲಿಲ್ಲ. ಮುಖ ತುಂಬ ಅರಿಷಿಣ, ಹಣೆಗೆ ಬಾಸಿಂಗ, ತಗ್ಗಿಸಿದ ತಲೆ, ಅಷ್ಟೆ. ಪಂಚನಾಮೆಯವರು ಅವನ ತಪ್ಪಿಲ್ಲವೆಂದು ಬರೆದುಕೊಂಡು ಹೋದರು. ಅವನು ಮಾತ್ರ ಅಂದಿನಿಂದ ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ನೀರಿನಡಿಯಿಂದ ಬಳೆಯ ಸದ್ದು ಕೇಳುತ್ತಿತ್ತು.

“ಅಲ್ಲಿಗೆ ಬ್ಯಾಡ್ರಿ, ಸಿಸ್ಟರ್.”

“ಅದಕ್ಕಂತನ ಬಂದೇನಿ.”

ಸೇತುವೆಯ ಕೆಳಗೆ ಬಂದಾಗ ಅವನು ಹಾಯಿ ಇಳಿಸಿ ಗಳೆ ಊರಿದ. ಅವಳು ಚಪ್ಪಲಿ ಬಿಟ್ಟು ನೀರಿಗೆ ಕೈ ಇಳಿಬಿಟ್ಟಳು. ಗಾಳೆಪ್ಪ ತನಗೆ ತಿಳಿಯದಂತೆಯೇ ಅವಳ ಪಾದಗಳನ್ನು ನೋಡಿದ. ಅವು ಮುಂದಕ್ಕೇ ತಿರುಗಿದ್ದವು. ಆದರೂ ದೆವ್ವದ ಭಯ ಬಿಡಲಿಲ್ಲ.

“ಹುಡುಗಿ ಯಾವೂರಾಕಿ?”

“ಇಳಕಲ್ಲ. ನೇಕಾರರ ಮನಿ ಹುಡುಗಿ, ಶಿವಲಿಂಗವ್ವ ಅಂತ. ಹೊಳಿ ಕಂಡಾಕಿ ಅಲ್ಲ. ಹೆಂಗ ಉಳೀಬೇಕ್ರಿ?”

“ಯಾಕ, ಇಳಕಲ್ಲಾಗ ಬಾವಿ ಇಲ್ಲೇನು?”

ಆ ಮಾತಿನ ತಲೆಬುಡ ಅವನಿಗೆ ತಿಳಿಯಲಿಲ್ಲ. ಅವಳು ಕೆಳದಂಡೆಯ ಜಾಲಿಯ ಪೊದೆಗಳನ್ನೇ ನೋಡುತ್ತಿದ್ದಳು.

“ಅಲ್ಲಿ ಯಾರೂ ದಂಡಿ ಹತ್ತಂಗಿಲ್ರಿ. ಬರೇ ಮುಳ್ಳು.”

“ಹೌದು. ಭಾಳ ಮುಳ್ಳು,” ಎಂದಳು. ಮತ್ತೆ, “ಮದಿಮಗಗ ವಯಸ್ಸೆಷ್ಟಿತ್ತು?”

“ನಲವತ್ತ ದಾಟಿತ್ರಿ. ಎರಡನೇ ಸಂಬಂಧ ಅದು.”

“ಮೂರನೇದು.”

ಮನೆಯವರಲ್ಲದೆ ಇದನ್ನು ಯಾರು ಬಲ್ಲರು? ಸಿಸ್ಟರ್! ಹುಡುಗಿಯ ಅಕ್ಕನೋ ತಂಗಿಯೋ ಇರಬೇಕು. ಹನ್ನೆರಡು ವರ್ಷವಾದ ಮೇಲೆ ಲೆಕ್ಕ ಕೇಳಲು ಬಂದಿದ್ದಾಳೆ.

“ನಿಮ್ಮೂರಿನ ಜೋಹರಾ ಅನ್ನಾಕಿ ನಮ್ಮ ವಾರ್ಡಿನ್ಯಾಗ ಇದ್ಲು,” ಎಂದಳು ಅವಳು. “ವರ್ಷಾ ವರ್ಷಾ ಇಲ್ಲಿ ನೀವು ಅರಿಷಿಣ, ಕುಂಕುಮ, ಹಸರ ಬಳಿ ನೀರಿಗೆ ಬಿಡತೀರಂತ. ಹೆತ್ತವರು ಮರತಾರ, ಅಂಬಿಗ ಮರತಿಲ್ಲ ಅಂದ್ಲು. ಯಾಕ್ರಿ?”

ಗಾಳೆಪ್ಪ ಗಳೆ ಹಿಡಿದೇ ಕುಳಿತ. ಹೆಂಡತಿಯ ಮುಂದೂ ಆಡದ ಮಾತು ತಾನಾಗಿ ಹೊರಬಂತು.

“ನೀರಾಗ ಆಕಿ ಕೈ ನನಗ ಸಿಕ್ಕಿತ್ತವ್ವಾ. ಗಟ್ಟಿ ಹಿಡದಿದ್ದೆ. ಸುಳಿ ಎಳೀತು, ಉಸರ ಹಿಡೀತು... ಆಮ್ಯಾಲ ನನ್ನ ಮುಷ್ಟ್ಯಾಗ ಬರೇ ನೀರಿತ್ತು. ನನ್ನ ಜೀವದ ಆಶಾಕ್ಕ ಬಿಟ್ಟೆ. ಪಂಚನಾಮಿಯೊಳಗ ಇದನ್ನ ಹೇಳಲಿಲ್ಲ. ಈಗ ಹೇಳೇನಿ. ನೀ ಏನ್ ಶಿಕ್ಷಾ ಕೊಡತಿ ಕೊಡು.”

ಅವಳು ಕನ್ನಡಕ ತೆಗೆದಳು. ಕಣ್ಣು ತುಂಬಿದ್ದವು.

“ಬಿಟ್ರಿ ಅಂತ ನಿಮಗ ಯಾರು ಹೇಳಿದ್ರು?”

“ಯಾರ ಹೇಳಬೇಕವ್ವಾ? ಹಿಡದಾಂವ ನಾ, ಬಿಟ್ಟಾಂವ ನಾ. ಸಾಕ್ಷಿ ಹೇಳಾಕಿ ನೀರಪಾಲಾದ್ಲು.”

ಅವಳು ಒದ್ದೆಯ ಕೈಯನ್ನು ಮೆಲ್ಲಗೆ ಅವನ ಕೈಮೇಲಿಟ್ಟಳು.

“ನೀವು ಬಿಡಲಿಲ್ರಿ, ಅಣ್ಣಾ. ನಾನ ಬಿಡಿಸ್ಕೊಂಡೆ.”