ಆಚೆ ದಂಡೆ

ಹಸಿ ಗೋಣಿಚೀಲದಲ್ಲಿ ಹರಳುಪ್ಪು ತಂದಿಟ್ಟರೆ ಈಗಲೂ ಆ ವಾಸನೆ ತಾಳದೆ ನಾನು ಕೋಣೆಯಿಂದ ಹೊರಗೆ ಹೋಗುತ್ತೇನೆ.

ಅಪ್ಪ ಪ್ರತಿ ಬೇಸಿಗೆ ದಾಸನಕೊಪ್ಪದಿಂದ ಚಕ್ಕಡಿ ಕಟ್ಟಿಕೊಂಡು ಘಟ್ಟ ಇಳಿದು ಉಪ್ಪು ತರುತ್ತಿದ್ದ. ಆ ವರ್ಷ ತಂಗಿ ಗಿರಿಜೆ ಸಮುದ್ರ ನೋಡಬೇಕೆಂದು ಹಟ ಹಿಡಿದು ಅಪ್ಪನ, ನನ್ನ ಜೊತೆಗೆ ಬಂದಳು. ಜ್ವರದಿಂದ ಸೊರಗಿದ್ದ ಅವಳಿಗೆ ನಡೆಯಲು ಆಗುತ್ತಿರಲಿಲ್ಲ. ಉಪ್ಪಿನ ಆಗರದಲ್ಲಿ ಚೀಲ ತುಂಬಿಸುತ್ತ ಅಪ್ಪ, "ತಂಗೀನ್ನ ಎತ್ಕೊಂಡ್ಹೋಗಿ ಸಮುದ್ರ ತೋರಿಸ್ಕೊಂಡು ಬಾ" ಎಂದ.

ಬಿಸಿಲಿತ್ತು. ಅವಳ ಬಿಸಿ ಮೈ ನನ್ನ ಸೊಂಟಕ್ಕೆ ಅಂಟುತ್ತಿತ್ತು. ಹೊಳೆಯ ದಂಡೆಗೆ ಬರುತ್ತಲೇ ಇಳಿಸಿ, "ಇದ ನೋಡು ಸಮುದ್ರ" ಎಂದೆ.

"ಆಚೆ ದಂಡಿ ಕಾಣ್ತೈತಲ್ಲಕ್ಕಾ?"

"ನೀರು ಉಪ್ಪಾತಂದ್ರ ಸಮುದ್ರನ. ನೆಕ್ಕಿ ನೋಡು."

ಅವಳು ಬೆರಳದ್ದಿ ನೆಕ್ಕಿ ಮುಖ ಕಿವಿಚಿದಳು. ದೋಣಿಯವನೊಬ್ಬ ನಕ್ಕ. "ಇದು ಹೊಳೆ ಮಾರಾಯ್ತಿ! ಉಬ್ಬರಕ್ಕೆ ಉಪ್ಪಾಗ್ತದೆ ಅಷ್ಟೇ. ಅಲ್ಲಿ ತೆರೆ ಒಡೀತದಲ್ಲ, ಅದರಾಚೆ ಸಮುದ್ರ."

ತಂಗಿ ನನ್ನ ಮುಖ ನೋಡಿದಳು.

"ಅವರ ಲೆಕ್ಕ ಬ್ಯಾರೆ" ಎಂದೆ. ಅವಳು ನಂಬಿದಳು.

ಮನೆಗೆ ಬಂದು, "ಸಮುದ್ರದ ಆಚೆ ದಂಡೀಗೆ ತೆಂಗಿನಮರ ಅದಾವವ್ವಾ" ಎಂದಳು. ಅಪ್ಪ ನನ್ನತ್ತ ಒಮ್ಮೆ ನೋಡಿ ಚೀಲ ಇಳಿಸತೊಡಗಿದ.

ಮಳೆಗಾಲದಲ್ಲಿ ತಂಗಿ ತೀರಿಕೊಂಡಳು. "ಸಮುದ್ರ ಒಂದಾದ್ರೂ ನೋಡಿ ಹೋತ್ರೀ ನಮ್ಮ ಕೂಸು" ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ನಾನು ಒಳಗೆ ಉಪ್ಪಿನ ಚೀಲಕ್ಕೆ ಒರಗಿ ಕೂತು ಕೇಳುತ್ತಿದ್ದೆ. ಮಳೆಯ ಥಂಡಿಗೆ ಚೀಲದಡಿಯಿಂದ ಉಪ್ಪುನೀರು ಒಸರುತ್ತಿತ್ತು. ಲಂಗ ಪೂರ್ತಿ ಒದ್ದೆಯಾದರೂ ನಾನು ಏಳಲಿಲ್ಲ.