ದೀಪದಡಿಯ ಗಿಡ

ಮನೆಯೊಳಗೆ ಗಾಂಜಾ ಬೆಳೆಸಿದ್ದು ಧಣಿ. ಸಿಕ್ಕಿಬಿದ್ದಾಗ ಜೈಲಿಗೆ ಹೋದದ್ದು ನೀರು ಹಾಕುತ್ತಿದ್ದ ಆಳು. ಈಗ ಹೊಸ ಗಿಡಗಳು ಹೂ ಬಿಡುತ್ತಲೇ ಅವುಗಳ ಎಲೆಗಳು ಕೆಟ್ಟವು. ನರ್ಸರಿಯಲ್ಲಿ ದುಡಿಯುವ ಆಳಿನ ಅಕ್ಕನನ್ನೇ ಧಣಿ ಹಿತ್ತಲ ಬಾಗಿಲಿಂದ ಕರೆಸಿದ.

"ಯಾವ ಗೊಬ್ಬರ ಕಮ್ಮಿಯಾಗಿದೆ ನೋಡೇ. ಬಾಯಿ ಬಿಟ್ಟೆಯೋ, ನಿನ್ ತಮ್ಮ ಅಲ್ಲೇ ಕೊಳೀತಾನೆ."

"ಎಲೆ ನರ ಹಸಿರಿದ್ದು ನಡುವೆ ಹಳದಿಯಾದ್ರೆ ಮೆಗ್ನೀಸಿಯಂ, ಅಂಚು ಸುಟ್ಟಿದ್ರೆ ಪೊಟ್ಯಾಷ್. ಗಿಡ ಬೆಳೆಸೋಕೆ ಹಾಕಿರೋ ಈ ನೇರಳೆ ದೀಪದಡಿ ಬಣ್ಣ ತಿಳಿಯಲ್ಲ ಧಣಿ, ಬಿಸಿಲಲ್ಲಿ ನೋಡ್ಬೇಕು."

"ತಾರಸಿಗೆ ಹೊತ್ಕೊಂಡು ಹೋಗು ಮತ್ತೆ."

"ಮೆಟ್ಟಿಲಿರೋದು ನಿಮ್ಮ ದೇವರಮನೆ ಪಕ್ಕ. ನಮ್ಮಂಥೋರು ದಾಟ್ಬಹುದಾ?"

"ಥೂ, ಮೈಲಿಗೆ ಮಾಡ್ಬೇಡ, ಅಲ್ಲೇ ನಿಲ್ಲು!"

ಹೂ ತುಂಬಿದ ಕುಂಡವನ್ನು ಧಣಿ ತಾನೇ ಎದೆಗವಚಿಕೊಂಡು ತಾರಸಿ ಹತ್ತಿದ.

ಎದುರಿಗೆ ಕಟ್ಟಡ ಕಟ್ಟುತ್ತಿದ್ದ ಅವಳ ಕೇರಿಯವರೆಲ್ಲ ಕೆಲಸ ನಿಲ್ಲಿಸಿ ಮೊಬೈಲ್ ಎತ್ತಿ ಹಿಡಿದಿದ್ದರು.