ಕೌದಿ ಹೊದ್ದ ಕಂಪ್ಯೂಟರ್

ಮಧ್ಯಾಹ್ನ ಮೂರೂಕಾಲಿಗೆ ಪರದೆಯ ಮೇಲಿನ ಬಾಣ ಮತ್ತೆ ನಿಂತುಬಿಟ್ಟಿತು. ಶೀತಲ್ ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು. ಅಮೆರಿಕದ ಯಾವನೋ ಡಾಕ್ಟರು ತನ್ನ ರೋಗಿಯ ಮೊಣಕಾಲಿನ ಬಗ್ಗೆ ಹೇಳಿದ್ದನ್ನು ಕೇಳಿಸಿಕೊಂಡು, ಟೈಪು ಮಾಡಿ, ಐದರೊಳಗೆ ಆಫೀಸಿಗೆ ಕಳಿಸಬೇಕು. ಅದು ಅವಳ ಕೆಲಸ. ಈ ತಿಂಗಳು ಎರಡು ಸಲ ತಡವಾಗಿತ್ತು. ಮೂರನೆಯ ಸಲವೂ ತಡವಾದರೆ ಕೆಲಸ ಬೇರೆಯವರ ಪಾಲು ಎಂದು ಆಫೀಸಿನವರು ಬೆಳಿಗ್ಗೆಯೇ ಫೋನಿನಲ್ಲಿ ತಿಳಿಸಿದ್ದರು, ಅದೂ ಬಹಳ ಮರ್ಯಾದೆಯಿಂದ.

ಅವಳು ರಿಪೇರಿಯ ಕೆಂಪರಾಜನಿಗೆ ಫೋನು ಮಾಡಿದಳು. ಬಾಣಸವಾಡಿಯವನೇ, ಈಗಾಗಲೇ ಎರಡು ಸಲ ಬಂದು ಹೋಗಿದ್ದ. ಎರಡು ಸಲವೂ ಕಂಪ್ಯೂಟರು ಅವನೆದುರು ಒಳ್ಳೆಯ ಮಗುವಿನ ಹಾಗೆ ನಡೆದುಕೊಂಡಿತ್ತು. ಒಮ್ಮೆ ವಿಂಡೋಸ್ ಹೊಸದಾಗಿ ಹಾಕಿಕೊಟ್ಟಿದ್ದ, ಇನ್ನೊಮ್ಮೆ ವೈರಸ್ ಹುಡುಕಿ ಸೋತು, ಚಹಾ ಕುಡಿದು ಎದ್ದುಹೋಗಿದ್ದ.

"ಇಲ್ಲೇ ಪಕ್ಕದ್ ರೋಡಲ್ಲಿದೀನಿ ಮೇಡಂ, ಎರಡ್ ನಿಮಿಷ ಬಂದೆ," ಎಂದ. ಎರಡು ನಿಮಿಷ ಎಂದವರು ಎರಡೇ ನಿಮಿಷಕ್ಕೆ ಬಂದು ನಿಲ್ಲುವುದು ಈ ಊರಿನಲ್ಲಿ ಯಾರೂ ನಿರೀಕ್ಷಿಸುವ ಸಂಗತಿಯಲ್ಲ. ಇವನು ಬಂದೇಬಿಟ್ಟ. ಹಾಗಾಗಿ, ಹಿಂದಿನ ಎರಡು ಸಲ ಮಾಡಿದಂತೆ, ಅವನು ಬರುವ ಮೊದಲೇ ಕಂಪ್ಯೂಟರಿನ ಡಬ್ಬಿಗೆ ಹೊದಿಸಿದ್ದ ಕೌದಿ ತೆಗೆದು ಬೀರುವಿನಲ್ಲಿ ಬಚ್ಚಿಡಲು ಶೀತಲ್‌ಗೆ ಆಗಲಿಲ್ಲ.

"ಏನ್ ಮೇಡಂ ಇದು! ಸಿಪಿಯುಗೆ ಚಳಿಜ್ವರಾನಾ? ಏಪ್ರಿಲ್‌ನಲ್ಲಿ ಹಿಂಗೆ ಹೊದಿಸಿದೀರಲ್ಲ!"

ಹೊದಿಸಿದ್ದವರು ಅತ್ತೆ ಪ್ರೇಮಕ್ಕ. ಗದಗಿನ ಕಡೆಯವರು. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಜೋಡಿಸಿ ಕೈಯಲ್ಲೇ ಹೊಲಿದ ಕೌದಿ. ಗುಂಡಿ ಒತ್ತಲು ಮುಂದೆ ಅಂಗೈಯಗಲ ಜಾಗ ಬಿಟ್ಟರೆ ಮಿಕ್ಕಂತೆ ಡಬ್ಬಿಗೆ ಅಳತೆ ತೆಗೆದು ಹೊಲಿದ ಅಂಗಿ. ಮನೆಯ ಸೊಸೆ ಕಿವಿಗೆ ವೈರು ಸಿಕ್ಕಿಸಿಕೊಂಡು ದಿನವಿಡೀ ಪರಗಂಡಸರ ಮಾತು ಕೇಳುತ್ತ ಕೂರುವುದು ಪ್ರೇಮಕ್ಕನಿಗೆ ಸುತಾರಾಂ ಹಿಡಿಸಿರಲಿಲ್ಲ. ಶೀತಲ್ ಕೆಲಸಕ್ಕೆ ಸೇರಿದ ಮೇಲೆ ಒಂದೂವರೆ ತಿಂಗಳು ಅವಳೊಡನೆ ಮಾತು ಬಿಟ್ಟಿದ್ದರು. ಆಮೇಲೊಂದು ದಿನ ತಾವಾಗಿಯೇ ಬಂದು ಈ ಕೌದಿಯನ್ನು ತೊಡಿಸಿ, "ಧೂಳ ಬೀಳ್ತೈತಿ, ತೆಗೀಬ್ಯಾಡ," ಎಂದರು. ಅದೇ ಅವರ ಒಪ್ಪಿಗೆ. ಕೌದಿಯ ನಟ್ಟನಡುವೆ ಶೀತಲ್‌ಳ ಹಳೆಯ ನೀಲಿ ಚೂಡಿದಾರದ ತುಂಡೂ ಇತ್ತು. ಅದನ್ನು ಕಂಡು ಅವಳು ಬಚ್ಚಲಿಗೆ ಹೋಗಿ ಅತ್ತಿದ್ದಳು. ಹೊರಗಿನವರು ನೋಡಿ ನಕ್ಕರೆ ಅತ್ತೆಗೆ ಕೇಳಿಸೀತೆಂದೇ ಈ ಬಚ್ಚಿಡುವಾಟ.

ಕೇಳಿಸಿಯೇಬಿಟ್ಟಿತು. ಪ್ರೇಮಕ್ಕ ಚಹಾ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು.

"ಯಾರ್ ಮೇಡಂ ಹಾಕಿದ್ದು ಇದನ್ನ?"

"ನಾನೇ," ಎಂದಳು ಶೀತಲ್, ತಟ್ಟನೆ. "ಅದೆಲ್ಲ ಆಮೇಲೆ ಹೇಳ್ತೀನಿ. ಮೊಣಕಾಲ್ ಆಪರೇಷನ್ ಆದೋರ ಫೈಲು, ಐದ್ರೊಳಗೆ ಹೋಗ್ಲೇಬೇಕು."

ಪ್ರೇಮಕ್ಕ ಚಹಾ ಇಟ್ಟರು.

ಕೆಂಪರಾಜ್ ಕೌದಿ ಎಳೆದು ನೆಲಕ್ಕೆ ಹಾಕಿ, ಡಬ್ಬಿಯ ಪಕ್ಕದ ತಗಡು ಬಿಚ್ಚಿದ. ಒಳಗಿನ ಫ್ಯಾನಿಗೆ ದಾರ ಸುತ್ತಿಕೊಂಡು ಅದು ತಿರುಗಲಾರದೆ ಒದ್ದಾಡುತ್ತಿತ್ತು. ಚಿಮಟದಿಂದ ಒಂದೊಂದೇ ಎಳೆ ಕಿತ್ತ: ಕೆಂಪು, ಹಸಿರು, ಕೊನೆಗೆ ನೀಲಿ. ಬ್ರಷ್ಷಿನಿಂದ ಧೂಳು ಗುಡಿಸಿದ. ಪ್ರೊಸೆಸರ್ ಮೇಲೆ ಒಣಗಿ ಸುಣ್ಣವಾಗಿದ್ದ, ಬಿಸಿ ಹೊರಹಾಕುವ ಪೇಸ್ಟನ್ನು ಒರೆಸಿ ಹೊಸದನ್ನು ಕಡಲೆಕಾಳಿನಷ್ಟು ಇಟ್ಟ. ಹಿಂಬದಿಗೆ ಇನ್ನೊಂದು ಫ್ಯಾನು ಕೂರಿಸಿ, ಡಬ್ಬಿಯನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದ. ಗುಂಡಿ ಒತ್ತಿದಾಗ ಬಾಣ ಚಕಚಕನೆ ಓಡಾಡಿತು.

"ಇದ್ರಲ್ಲಿ ಏನೂ ಕೆಟ್ಟಿರ್ಲಿಲ್ಲ ಮೇಡಂ. ಗಾಳಿ ಇರ್ಲಿಲ್ಲ, ಅಷ್ಟೆ. ಬಿಸಿನೆಲ್ಲ ಒಳಗೇ ಇಟ್ಕೊಂಡ್ರೆ ಮೊದ್ಲು ನಿಧಾನ ಆಗುತ್ತೆ, ಆಮೇಲೆ ಮಾತೇ ಬಿಟ್ಬಿಡುತ್ತೆ."

ಮಾತು ಬಿಡುವುದರ ಬಗ್ಗೆ ಆ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

"ಆ ಬಟ್ಟೆ ಇನ್ಮೇಲೆ ಹಾಕ್ಲೇಬೇಡಿ. ಧೂಳ್ ಬಿದ್ರೆ ಬೀಳ್ಲಿ, ನಾನ್ ಬಂದು ಕ್ಲೀನ್ ಮಾಡ್ತೀನಿ," ಎಂದು ಕೆಂಪರಾಜ್ ಹೊರಟ.

ಗಂಟೆ ನಾಲ್ಕೂಕಾಲು. ಕೌದಿ ನೆಲದ ಮೇಲೆ ಮುದ್ದೆಯಾಗಿ ಬಿದ್ದಿತ್ತು. ತೊಡಿಸಿದರೆ ಕೆಲಸ ಹೋಗುತ್ತದೆ, ತೊಡಿಸದಿದ್ದರೆ ಅತ್ತೆ. ಶೀತಲ್ ಅದನ್ನೆತ್ತಿ ಕೊಡವಿ, ಮಡಿಚಿ ಮಂಚದ ಮೇಲಿಟ್ಟು, ತಿರುಗಿ ನೋಡದೆ ಕುಳಿತು ಟೈಪು ಮಾಡತೊಡಗಿದಳು. ಹಿಂದೆ ಹೆಜ್ಜೆಯ ಸಪ್ಪಳ ಬಂತು. ಇಯರ್‌ಫೋನಿನಲ್ಲಿ ಡಾಕ್ಟರು ಮಾತಾಡುತ್ತಲೇ ಇದ್ದ. ಒಮ್ಮೆ ಓರೆಗಣ್ಣಿನಿಂದ ನೋಡಿದರೆ ಮಂಚದ ಮೇಲೆ ಕೌದಿ ಇರಲಿಲ್ಲ. ಇನ್ನೊಂದೂವರೆ ತಿಂಗಳು ಮಾತಿಲ್ಲ ಎಂದುಕೊಂಡಳು. ಬೆರಳು ಮಾತ್ರ ನಿಲ್ಲಿಸಲಿಲ್ಲ.

ಐದಕ್ಕೆ ನಾಲ್ಕು ನಿಮಿಷವಿರುವಾಗ ಫೈಲು ಹೋಯಿತು. ಅವಳು ಅಡುಗೆಮನೆಗೆ ಹೋಗಿ ಎರಡು ಲೋಟ ನೀರು ಕುಡಿದು ಬಂದಳು.

ಅಷ್ಟರಲ್ಲಿ ಪ್ರೇಮಕ್ಕ ಅವಳ ಮರದ ಕುರ್ಚಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದರು. ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲೆ ಹಾಸಿ, ಮೂಲೆಗೆ ಹೊಲಿದ ಲಾಡಿಗಳನ್ನು ಅದರ ಕಾಲಿಗೆ ಕಟ್ಟುತ್ತಿದ್ದರು. ನೀಲಿ ತುಂಡು ಮೇಲೆಯೇ ಬಂದಿತ್ತು.

"ಅದಕ್ಕ ಗಾಳಿ ಬೇಕಂತ," ಎಂದರು, ತಲೆಯೆತ್ತದೆ. "ಮೆತ್ತಂದು ನಿನಗಿರ್ಲಿ. ಕೂಡು."

ಶೀತಲ್ ಕುಳಿತಳು. ಪ್ರೇಮಕ್ಕ ಲಾಡಿ ಹೊಲಿದ ದಾರದ ತುದಿಯನ್ನು ಹಲ್ಲಿನಿಂದ ಕಡಿದು, ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಎದ್ದರು. ಬಾಗಿಲ ತನಕ ಹೋದವರು ತಿರುಗಿ ಕೇಳಿದರು:

"ಆ ಮೊಣಕಾಲಿನಾಂವಗ ಕಡಿಮಿ ಆತಂತೇನ?"